ಮಾವನವರ ಮೀಸೆಯ ತುಪ್ಪ

ನಮ್ಮ ಊರಿನಲ್ಲಿ ಓಡಿಬಂದವರು ನಿಧಾನ ನಡೆದು ಬಂದೆ ಎಂದು ಸುಳ್ಳು ಹೇಳುವಂತಿಲ್ಲ. ಬಾಯಿ ತೆರೆದರೆ ಮುಗಿಯಿತು, ಎದುರಿಗಿದ್ದವರ ಮೂಗಿಗೆ ಗೊತ್ತಾಗಿಬಿಡುತ್ತದೆ. ಓಡಿದವರ, ಭಾರ ಎತ್ತಿದವರ, ಏದುಸಿರು ಬಿಡುವವರ ಉಸಿರಿನಲ್ಲಿ ಬೆಲ್ಲ ಕಾಯಿಸುವ ವಾಸನೆ. ಆರಾಮಾಗಿ ಹೆಜ್ಜೆ ಹಾಕುತ್ತ, ನಾಲ್ಕು ಮಾತಾಡುತ್ತ ಬಂದವರ ಉಸಿರಿನಲ್ಲಿ ಬೆಣ್ಣೆ ಕಾಯಿಸಿ ತುಪ್ಪ ಮಾಡುವಾಗಿನ ವಾಸನೆ. ಸುಮ್ಮನೆ ಕುಳಿತವರದೂ ತುಪ್ಪವೇ, ಆದರೆ ಬಹಳ ತೆಳು. ಗಂಡನೋ ಹೆಂಡತಿಯೋ ಅಷ್ಟು ಹತ್ತಿರ ಹೋದರೆ ಮಾತ್ರ ತಿಳಿದೀತು.

ಇದು ಯಾಕೆ ಹೀಗೆ ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಉತ್ತರ ಸಿಗುವುದಿಲ್ಲ. ಕೇಳಿದವರನ್ನೇ ಹುಚ್ಚರನ್ನು ನೋಡಿದಂತೆ ನೋಡುತ್ತಾರೆ. ನಾನು ಮದುವೆಯಾಗಿ ಹೊರಗಿನಿಂದ ಬಂದವಳು. ಬಂದ ಹೊಸತರಲ್ಲಿ ಶಾಲೆಯ ಮುಂದೆ ಹಾದುಹೋಗುವಾಗ ಒಳಗೆ ಯಾರೋ ಪಾಕ ಹಿಡಿಯುತ್ತಿದ್ದಾರೆ ಅಂದುಕೊಂಡೆ. ಇಣುಕಿದರೆ ಮಕ್ಕಳು ಕಬಡ್ಡಿ ಆಡಿ ಬಂದು ಬೆಂಚಿನ ಮೇಲೆ ತೇಕುತ್ತ ಕುಳಿತಿದ್ದವು. ಮಾಸ್ತರರು ಪೊರಕೆ ಹಿಡಿದು ಇರುವೆ ಓಡಿಸುತ್ತಿದ್ದರು. ಇರುವೆ, ನೊಣಗಳೆಲ್ಲ ಬೆಲ್ಲದವರ ಹಿಂದೆ. ಬೆಕ್ಕುಗಳು ತುಪ್ಪದವರ ಹಿಂದೆ. ಬೆಳಿಗ್ಗೆ ತಿರುಗಾಡಲು ಹೋಗುವ ನಮ್ಮ ಓಣಿಯ ಹೆಂಗಸರ ಹಿಂದೆ ಯಾವಾಗಲೂ ಒಂದು ಬೆಕ್ಕಿನ ದಂಡು ಇರುತ್ತದೆ. ಮೈಯಲ್ಲಿದ್ದ ತುಪ್ಪವೆಲ್ಲ ಉಸಿರಿನಲ್ಲಿ ಹೊರಗೆ ಹೋಯಿತೆಂದು ಅವರಿಗೆ ಎಷ್ಟು ಸಮಾಧಾನವೆಂದರೆ, ತಿರುಗಿ ಬರುವಾಗ ಮಿರ್ಚಿ ಭಜಿ ಕಟ್ಟಿಸಿಕೊಂಡೇ ಬರುತ್ತಾರೆ. ಅವರಲ್ಲಿ ಒಬ್ಬರೂ ಸಣ್ಣಗಾಗಿದ್ದನ್ನು ನಾನು ಕಾಣೆ. ಊರಿನ ನೀರು ಕುಡಿದು ವರ್ಷ ತುಂಬುವುದರೊಳಗೆ ನನ್ನ ಉಸಿರೂ ಹಾಗೇ ಆಯಿತು. ಮೊದಲ ಸಲ ಬೆಕ್ಕು ಬೆನ್ನು ಹತ್ತಿದ ದಿನ ನಮ್ಮ ಅತ್ತೆ ಸಂಗವ್ವ ನೆಂಟರಿಗೆಲ್ಲ ಹೇಳಿಕೊಂಡು ಬಂದರು, ಸೊಸೆ ಈಗ ನಮ್ಮಾಕಿ ಆದಳು ಅಂತ.

ನಮ್ಮ ಮಾವ ಫಕೀರಪ್ಪನವರಿಗೆ ಮಾತ್ರ ತುಪ್ಪದ ವಾಸನೆ ಕಂಡರೆ ಆಗುತ್ತಿರಲಿಲ್ಲ. ಅವರು ಹಳೆಯ ಪೈಲ್ವಾನರು. ಅವರ ಕಾಲದಲ್ಲಿ ಊರ ಗರಡಿಮನೆಯ ಮುಂದೆ ನಿಂತರೆ ಆಲೆಮನೆಯ ಮುಂದೆ ನಿಂತಂತೆ ಆಗುತ್ತಿತ್ತಂತೆ. "ಗಂಡಸು ಅಂದ್ರ ಬೆಲ್ಲ ನಾರಬೇಕು. ತುಪ್ಪ ನಾರೂದು ಬಾಣಂತ್ಯಾರು, ಮುದುಕರು" ಎನ್ನುತ್ತಿದ್ದರು. ವಯಸ್ಸು ಅರವತ್ತು ದಾಟಿದ್ದರೂ ಎದೆ ಇನ್ನೂ ಬಾಗಿಲಗಲ. ಮೀಸೆ ಎರಡೂ ಕಡೆ ಕಿವಿಯ ಕಡೆಗೆ ಹೊರಟಿತ್ತು. ಅದಕ್ಕೆ ಕತ್ತರಿ ತಾಗಿಸುವ ಧೈರ್ಯ ಊರಿನ ಯಾವ ಕ್ಷೌರಿಕನಿಗೂ ಇರಲಿಲ್ಲ.

ಅವರಿಗೆ ಒಬ್ಬನೇ ಗೆಳೆಯ, ರಾಜೇಸಾಬ ಕಾಕಾ. ಹರೆಯದಲ್ಲಿ ಇಬ್ಬರೂ ಅಖಾಡದಲ್ಲಿ ಎದುರಾಳಿಗಳು. ಒಂದು ದೊಡ್ಡ ಕುಸ್ತಿಯಲ್ಲಿ ಬಿಸಿಲು ಇಳಿಯುವ ತನಕ ಒಬ್ಬರನ್ನೊಬ್ಬರು ಕೆಡವಲಾಗದೆ, ಕೊನೆಗೆ ಪಂಚರು ಬೇಸತ್ತು ಇಬ್ಬರ ಕೈಯನ್ನೂ ಎತ್ತಿ ಹಿಡಿದಿದ್ದರಂತೆ. ಅವತ್ತಿನಿಂದ ಸ್ನೇಹ. ಊರಿಗೆ ನೀರು ಬಿಡುವ ಟಾಕಿ ಗುಡ್ಡದ ತುದಿಯಲ್ಲಿದೆ. ಅದರ ವಾಲ್ವ್ ತಿರುಗಿಸುವ ಕೆಲಸ ರಾಜೇಸಾಬ ಕಾಕಾನದು, ವಾಸವೂ ಅಲ್ಲೇ. ಮೊಣಕಾಲು ಎರಡೂ ಹೋದ ಮೇಲೆ ಅವರು ಕೆಳಗೆ ಇಳಿದದ್ದಿಲ್ಲ. ಹೀಗಾಗಿ ಮಾವನವರೇ ದಿನಾ ಬೆಳಿಗ್ಗೆ ಮೆಟ್ಟಿಲೇರಿ ಹೋಗಿ, ಅವರೊಂದಿಗೆ ಚಹಾ ಕುಡಿದು ಬರುತ್ತಿದ್ದರು. ಮಳೆಯಿರಲಿ, ಚಳಿಯಿರಲಿ, ಈ ಚಹಾ ತಪ್ಪುತ್ತಿರಲಿಲ್ಲ. ಮನೆಯಲ್ಲಿ ಮಾಡಿದ ಚಹಾಕ್ಕೆ ಮಾತ್ರ ಅವರು ಯಾವಾಗಲೂ ಮೂಗು ಮುರಿಯುತ್ತಿದ್ದರು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರು ಉಂಡು ಹೊರಸಿನ ಮೇಲೆ ಅಡ್ಡಾಗಿದ್ದರು. ನಾನು ಪಾತ್ರೆ ಬೆಳಗುತ್ತಿದ್ದೆ. ಅತ್ತೆ ಒಳಗಿನಿಂದ ಚೀರಿದರು: "ನೀಲಾ, ಓಡಿ ಬಾರ! ಮಲಗಿದವರ ಬಾಯಾಗ ಬೆಲ್ಲದ ವಾಸನಿ ಬರಾಕ ಹತ್ತೇತಿ!" ಹೋಗಿ ನೋಡಿದರೆ ಮಾವನವರ ಕೈ ಎದೆಯ ಮೇಲಿತ್ತು. ಮೈಯೆಲ್ಲ ಬೆವರು. ಬೆರಳೂ ಅಲ್ಲಾಡಿಸದ ಮನುಷ್ಯನ ಉಸಿರು ಗರಡಿಯಿಂದ ಈಗ ಬಂದವನ ಹಾಗೆ ಗಮಗಮ ಎನ್ನುತ್ತಿತ್ತು. ಬೆಲ್ಲದ ವಾಸನೆಗೆ ನಾನು ಅವತ್ತು ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ.

ಬದುಕಿಕೊಂಡರು. ಎದೆಯ ರಕ್ತನಾಳ ಕಟ್ಟಿತ್ತು, ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಬಿಡಿಸಿ, ಒಂದು ರಾಶಿ ಗುಳಿಗೆ ಕೊಟ್ಟು ಕಳಿಸಿದರು. ನಮ್ಮೂರಿನ ಡಾಕ್ಟರಮ್ಮ, ಊರವರ ಡಾಕ್ಟರ್ ಬಾಯಿ, ಕೂಡ ನನ್ನ ಹಾಗೆ ಹೊರಗಿನಿಂದ ಬಂದವರು. ಬಂದ ಮೇಲೆ ನಾಡಿಗಿಂತ ಮೂಗನ್ನೇ ಹೆಚ್ಚು ನಂಬಲು ಕಲಿತವರು. ಅವರು ಮನೆಗೆ ಬಂದು ಮಾವನವರ ಎದುರು ಕುರ್ಚಿ ಹಾಕಿಕೊಂಡು ಕುಳಿತರು.

"ಪೈಲ್ವಾನರ, ದಿನಾ ಮೆಟ್ಟಲಾ ಹತ್ತಬೇಕು. ಆದ್ರ ತುಪ್ಪದಾಗ ಹತ್ತಬೇಕು. ಬೆಲ್ಲದ ವಾಸನಿ ಬಂತೋ, ಅಲ್ಲೇ ಕುಂದರಬೇಕು."

"ಹಂಗ ಆಮೆ ನಡದಂಗ ನಡದ್ರ ಏನ ಲಾಭರೀ?" ಎಂದರು ಮಾವನವರು.

"ಹೇಳ್ತೀನಿ. ನಿಮ್ಮ ಒಲಿಯಾಗ ಎರಡು ನಮೂನಿ ಕಟಗಿ ಅದಾವ. ಬೆಲ್ಲ ಅಂದ್ರ ಚಿಪಾಟಿ, ಸಣ್ಣ ಸೀಳು ಕಟಗಿ. ಭುಗಿಲ್ ಅಂತ ಹತ್ತತೈತಿ, ಅವಸರದ ಕೆಲಸಕ್ಕ ಅದ ಬೇಕು, ಆದ್ರ ಜಲ್ದಿ ಮುಗೀತೈತಿ. ತುಪ್ಪ ಅಂದ್ರ ದಪ್ಪ ಕೊರಡು. ಅದಕ್ಕ ಗಾಳಿ ಬಾಳ ಬೇಕು, ಸಾವಕಾಶ ಉರೀತೈತಿ. ಎಷ್ಟ ಸಣಕಲ ಮನಷ್ಯಾನ ಮೈಯಾಗೂ ದಿನಗಟ್ಟಲೆ ಉರಿಯೂವಷ್ಟು ಕೊರಡು ಇರತೈತಿ. ನೀವು ಜೋರ ಮಾಡಿದ್ರ ಎದಿ ಹೊಡಕೋತೈತಿ, ಉಸರು ಸಾಲೂದಿಲ್ಲ, ಮೈ ಚಿಪಾಟಿಗೆ ಕೈ ಹಾಕತೈತಿ. ಸದ್ಯ ನಿಮ್ಮ ಎದಿಗೆ ಆ ಗಡಿಬಿಡಿ ಬ್ಯಾಡ. ದಿನಾ ತುಪ್ಪದಾಗ ನಡದ್ರ ಒಂದಿನ ಅದ ಮೆಟ್ಟಲಾ, ಅದ ಜೋರು, ಆದ್ರೂ ತುಪ್ಪದಾಗ ಹತ್ತತೀರಿ. ಮೈಗೆ ರೂಢಿ ಆಗತೈತಿ."

ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದು. ಹತ್ತುವಾಗ ಮಾತಾಡಸ್ಕೋಂತ ಹೋಗು. ಮಾತಾಡಾಕ ಬಂದ್ರ ತುಪ್ಪ. ಮಾತು ಕಡದ್ರ ಬೆಲ್ಲ. ಮೂಗು ಕಟ್ಟಿದ್ರೂ ಕಿವಿ ಇರತೈತಲ್ಲ" ಎಂದರು. ಮೆಟ್ಟಿಲುಗಳ ನಡುಮಧ್ಯೆ ಒಂದು ಬೇವಿನ ಕಟ್ಟೆಯಿದೆ. ಮುಂದಿನ ಮಾತು ಹೇಳುವ ತನಕ ಅದರಾಚೆ ಒಂದು ಹೆಜ್ಜೆಯೂ ಇಡಕೂಡದೆಂದು ಗೆರೆ ಎಳೆದು ಹೋದರು.

ನನ್ನ ಗಂಡನಿಗೆ ಬೆಳಗಿನ ಪಾಳಿ, ಅತ್ತೆಗೆ ಸೊಂಟ ನೋವು. ಹೀಗೆ ಮಾವನವರನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂತು. ನೀವೇ ಯೋಚನೆ ಮಾಡಿ, ಎದುರಿಗೆ ನಿಂತು ಮಾತಾಡಲೂ ಅಂಜುತ್ತಿದ್ದ ಮಾವನವರ ಉಸಿರನ್ನು ಸೊಸೆ ಮೂಸಿ ನೋಡುವುದೆಂದರೆ! ಅವರು ಮುಂದೆ, ನಾನು ಎರಡು ಮೆಟ್ಟಿಲು ಹಿಂದೆ. ಗಾಳಿ ನನ್ನ ಕಡೆ ಬೀಸಿದಾಗ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮೂಗೆತ್ತುತ್ತಿದ್ದೆ. ಅವರಿಗೂ ನಾಚಿಕೆ, ನನಗೂ ನಾಚಿಕೆ. ಮೊದಮೊದಲು ಏಳೆಂಟು ಮೆಟ್ಟಿಲಿಗೇ ಬೆಲ್ಲ ಹೊಡೆಯುತ್ತಿತ್ತು. "ಮಾವಾರ, ಕುಂದರ್ರಿ" ಎಂದರೆ ಹಲ್ಲು ಕಡಿದು ಕುಳಿತುಕೊಳ್ಳುತ್ತಿದ್ದರು.

ಮಾತಾಡಿಸಬೇಕಲ್ಲ, ಏನು ಮಾತಾಡಿಸಲಿ? ಒಂದು ದಿನ ಧೈರ್ಯ ಮಾಡಿ, "ರಾಜೇಸಾಬ ಕಾಕಾನ ಜೋಡಿ ಕುಸ್ತಿ ಹೆಂಗಾತ್ರೀ?" ಎಂದು ಕೇಳಿದೆ. ಅಷ್ಟೇ ಸಾಕಾಯಿತು. ಹಲಗೆ ಬಡಿದದ್ದು, ಮಣ್ಣು ತೂರಿದ್ದು, ರಾಜೇಸಾಬ ಕಾಕಾ ಕಾಲಿಗೆ ಕೈ ಹಾಕಿದ್ದು, ಇವರು ನುಣುಚಿಕೊಂಡದ್ದು, ಎಲ್ಲ ಬಂತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಕೇಳಿ ಕೇಳಿ ನನಗೆ ಆ ಕುಸ್ತಿ ಬಾಯಿಪಾಠವಾಯಿತು, ಆಕಳಿಕೆ ಬರುತ್ತಿತ್ತು. ಆದರೆ ಕಥೆ ಹೇಳುತ್ತ ಹೇಳುತ್ತ ಅವರ ನಡಿಗೆ ಹದಕ್ಕೆ ಬಂತು. ತುಪ್ಪದ ವಾಸನೆಯಲ್ಲೇ ಬೇವಿನ ಕಟ್ಟೆ ಮುಟ್ಟುವಂತಾದರು. ಒಂದು ಕರಿ ಬೆಕ್ಕು ಅವರ ಬೆನ್ನು ಹತ್ತತೊಡಗಿತು. ಅವರು ಅದಕ್ಕೆ ಬೈಯುತ್ತಿದ್ದರು, ಆದರೆ ಓಡಿಸುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ರಾಜೇಸಾಬ ಕಾಕಾನ ಮಗಳು ಮೆಹಬೂಬಿ ಸಂತೆಗೆಂದು ಕೆಳಗೆ ಬಂದವಳು ನಮ್ಮ ಮನೆಗೂ ಬಂದಳು. ಮಾವನವರು ಹೊರಸಿನ ಮೇಲೆ ಎದ್ದು ಕುಳಿತು, "ಅಪ್ಪ ಹೆಂಗದಾನವಾ?" ಎಂದು ಕೇಳಿದರು.

"ಏನ ಹೇಳ್ಲಿ ಕಾಕಾ" ಎಂದಳು ಅವಳು. "ನೀವು ಬರೂದು ನಿಂತಿದ್ದು ಅವನಿಗೆ ಗೊತ್ತೈತಿ, ಆದ್ರೂ ದಿನಾ ಮುಂಜಾನೆ ಎರಡು ಕಪ್ಪು ಚಾ ಹಾಕ್ತಾನ. ತನ್ನ ಕಪ್ಪು ಕುಡೀತಾನ, ನಿಮ್ದು ಆರತೈತಿ. ಆಮ್ಯಾಲ ಗಿಡದ ಬುಡಕ್ಕ ಚೆಲ್ತಾನ."

ಅವತ್ತು ಊಟಕ್ಕೆ ಕುಳಿತ ಮಾವನವರು ಅರ್ಧ ರೊಟ್ಟಿಗೇ ಎದ್ದರು. ಅವರ ಮುಖ ನೋಡಲಾರದೆ, ಟಾಕಿಯ ತನಕ ಕರೆದುಕೊಂಡು ಹೋಗಲೇ ಎಂದು ಡಾಕ್ಟರ್ ಬಾಯಿಯನ್ನು ಕೇಳಿದೆ. ಇನ್ನೂ ಸ್ವಲ್ಪ ದಿನ ತಡೆಯಿರಿ, ಮೇಲಿನ ಅರ್ಧ ಬಹಳ ಕಡಿದಾಗಿದೆ ಎಂದರು.

ಆಮೇಲೆ ಒಂದು ಬದಲಾವಣೆ ಆಯಿತು. ಮೆಟ್ಟಿಲ ಮೇಲೆ ಮಾವನವರ ಹೆಜ್ಜೆ ಬಿರುಸಾಯಿತು. ಮಾತು ಕಡಿಮೆಯಾಯಿತು. ಕುಸ್ತಿಯ ಕಥೆ ಕೇಳಿದರೆ "ಹ್ಞೂಂ" ಎನ್ನುತ್ತಿದ್ದರು, ಅಷ್ಟೇ. ನಾನು ಮೂಗೆತ್ತಿ ನೋಡಿದರೆ ತುಪ್ಪ! ಅದೂ ಎಂಥ ತುಪ್ಪ, ಹಬ್ಬದ ಮನೆಯ ತುಪ್ಪ. ಡಾಕ್ಟರ್ ಬಾಯಿ ಹೇಳಿದ ರೂಢಿ ಮೈಗೆ ಹಿಡಿಯಿತು ಎಂದು ನಾನು ಹಿಗ್ಗಿದೆ. ಮಾತು ಕಡಿಮೆಯಾದದ್ದಕ್ಕೆ ಗೆಳೆಯನ ಚಿಂತೆಯೇ ಕಾರಣ ಅಂದುಕೊಂಡೆ. ಖರೇ ಹೇಳಬೇಕೆಂದರೆ ಆ ಕುಸ್ತಿ ಮತ್ತೆ ಕೇಳುವುದು ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಯೂ ಆಗಿತ್ತು.

ಮನೆಯಲ್ಲೂ ಕರಿ ಬೆಕ್ಕು ಅವರನ್ನು ಬಿಡದಾಯಿತು. ಸುಮ್ಮನೆ ಕುಳಿತವರ ಹತ್ತಿರ ಬೆಕ್ಕು ಬರುವ ರೂಢಿಯಿಲ್ಲ. ಇದು ಮಾತ್ರ ಅವರು ಮಲಗಿದಾಗ ಎದೆಯ ಮೇಲೆ ಹತ್ತಿ ಮೀಸೆ ನೆಕ್ಕುತ್ತಿತ್ತು. ಇನ್ನೊಂದು ಕಡೆ ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು. "ತುಪ್ಪದ ಡಬ್ಬಿ ಮೊನ್ನೆನ ತುಂಬಿಸಿಟ್ಟಿದ್ದೆ, ತಳಾ ಕಾಣಾಕತ್ತೇತಿ. ಗಂಡಗ ಹೋಳಗಿ ಮ್ಯಾಲ ಸುರಿಯಾಕತ್ತಿ ಏನು?" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಹೋಳಿಗೆಯನ್ನೇ ಮಾಡಿಲ್ಲ ಅತ್ತಿ ಎಂದೆ. ಇಷ್ಟೆಲ್ಲ ಕಣ್ಣೆದುರಿಗೇ ಇದ್ದೂ ನನಗೆ ಹೊಳೆಯಲಿಲ್ಲ ನೋಡಿ. ನಮ್ಮೂರಿನವರ ಬುದ್ಧಿ ಎಲ್ಲಾ ಮೂಗಿನಲ್ಲೇ. ಮೂಗು ಒಪ್ಪಿದ ಮೇಲೆ ಬೇರೆ ಸಾಕ್ಷಿ ಯಾರಿಗೂ ಬೇಡ.

ಒಂದು ಬೆಳಿಗ್ಗೆ ನಾನು ಎಮ್ಮೆ ಹಿಂಡಿ ಬರುವಷ್ಟರಲ್ಲಿ ಮಾವನವರ ಚಪ್ಪಲಿ ಜಾಗದಲ್ಲಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಕಾಯುತ್ತಿರಬಹುದೆಂದು ಹೋದೆ, ಇಲ್ಲ. ಬೇವಿನ ಕಟ್ಟೆಗೆ ಹೋದೆ, ಅಲ್ಲೂ ಇಲ್ಲ. ಕಟ್ಟೆಯ ಮೇಲೆ ಕುಳಿತು ಹಲ್ಲುಜ್ಜುತ್ತಿದ್ದ ಒಬ್ಬರು ಬೆರಳಿನಿಂದ ಮೇಲಕ್ಕೆ ತೋರಿಸಿದರು. ಸೀರೆ ಎತ್ತಿ ಕಟ್ಟಿ ಓಡತೊಡಗಿದೆ. ಮೆಟ್ಟಿಲ ಮೇಲೆ ಇಳಿದು ಬರುತ್ತಿದ್ದ ಹೆಂಗಸರು, "ಯಾಕ ನೀಲವ್ವ, ಮುಂಜಮುಂಜಾನೆ ಆಲೆಮನಿ ಹೂಡೀದಿ?" ಎಂದು ನಕ್ಕರು. ನಗುವವರಿಗೆ ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ. ನನ್ನ ಬಾಯಿಂದ ಬರುತ್ತಿದ್ದ ಬೆಲ್ಲದ ಘಾಟು ನನಗೇ ಮೂಗಿಗೆ ಹೊಡೆಯುತ್ತಿತ್ತು. ಒಂದೆರಡು ನೊಣ ಮುಖಕ್ಕೆ ಮುತ್ತಿದವು.

ಟಾಕಿ ಕಾಣುವ ಕೊನೆಯ ತಿರುವಿನಲ್ಲಿ ಮಾವನವರು ಗೋಡೆಗೆ ಒರಗಿ ಕುಳಿತಿದ್ದರು. ಕುಳಿತಿದ್ದರು ಎನ್ನುವುದಕ್ಕಿಂತ ಕುಸಿದಿದ್ದರು. ಮುಖ ಬಿಳಿಚಿ ಹೋಗಿತ್ತು. ತಣ್ಣನೆಯ ಬೆವರು ಅಂಗಿಯನ್ನು ತೋಯಿಸಿತ್ತು. ಕೈಗಳು ಗಡಗಡ ನಡುಗುತ್ತಿದ್ದವು. ಕರಿ ಬೆಕ್ಕು ಕಾಲ ಬಳಿ ಕೂತಿತ್ತು, ಎಲ್ಲಿಂದಲೋ ಇನ್ನೆರಡು ಬೆಕ್ಕು ಬಂದು ಸೇರಿದ್ದವು. "ಮಾವಾರ!" ಎಂದೆ. ಅವರು ಕಣ್ಣು ಬಿಟ್ಟು, "ಗೌರವ್ವಾ, ಯಾವಾಗ ಬಂದಿ?" ಎಂದರು. ಗೌರವ್ವ ಅವರ ತಂಗಿ. ತೀರಿಹೋಗಿ ಬಹಳ ವರ್ಷವಾಗಿತ್ತು.

ಆ ಬೇಸಿಗೆಯ ಮಧ್ಯಾಹ್ನವೇ ಮತ್ತೆ ಬಂತು ಅಂದುಕೊಂಡೆ, ಅದೇ ಬೆವರು, ಅದೇ ಬಿಳಿಚಿದ ಮುಖ. "ಎದಿ ನೋಯ್ತೈತೇನ್ರೀ? ಎದಿ?" ಎಂದು ಎರಡೆರಡು ಸಲ ಕೇಳಿದೆ. ತಲೆ ಅಡ್ಡಡ್ಡ ಆಡಿಸಿದರು. ಇಲ್ಲ ಅಂದರೋ, ನನ್ನ ಮಾತೇ ತಿಳಿಯಲಿಲ್ಲವೋ ಗೊತ್ತಾಗಲಿಲ್ಲ. ತುಪ್ಪದ ವಾಸನೆ ಮಾತ್ರ ಘಮ್ಮೆನ್ನುತ್ತಿತ್ತು. ಇಷ್ಟು ಮೇಲೆ, ಇಷ್ಟು ಕಡಿದಾದ ಮೆಟ್ಟಿಲನ್ನು ಹತ್ತಿ ಕುಸಿದವರ ಬಾಯಲ್ಲಿ ಹಬ್ಬದ ತುಪ್ಪ ಹೇಗೆ ಬಂತು ಎಂದು ತಲೆ ಕೆಟ್ಟುಹೋಯಿತು.

ಬೆವರು ಒರೆಸೋಣವೆಂದು ಸೆರಗಿನಿಂದ ಮುಖ ಒರೆಸಿದೆ. ಸೆರಗು ಜಿಡ್ಡಾಯಿತು. ಬೆರಳಿಗೆ ಹತ್ತಿದ್ದನ್ನು ಮೂಸಿ ನೋಡಿದೆ. ನಮ್ಮನೆಯ ತುಪ್ಪ, ಅತ್ತೆ ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪ, ಮೀಸೆಯ ಈ ತುದಿಯಿಂದ ಆ ತುದಿಯ ತನಕ! ಅಲ್ಲೇ ಎಲ್ಲ ಹೊಳೆಯಿತು. ಬಿರುಸಾದ ಹೆಜ್ಜೆ, ನಿಂತುಹೋದ ಮಾತು, ಬೆಕ್ಕು, ಖಾಲಿಯಾದ ಡಬ್ಬಿ. ಅಳುವೂ ಬಂತು, ಸಿಟ್ಟೂ ಬಂತು. ಆ ಹೊತ್ತಿನಲ್ಲಿ ಎರಡಕ್ಕೂ ಪುರಸೊತ್ತಿರಲಿಲ್ಲ. ಮೀಸೆಯನ್ನು ತಿಕ್ಕಿ ತಿಕ್ಕಿ ಒರೆಸಿದೆ. ಆಮೇಲೆ ಯಾವ ಸೊಸೆಯೂ ಮಾಡದ ಕೆಲಸ ಮಾಡಿದೆ. ಮಾವನವರ ಗದ್ದ ಹಿಡಿದು ಅವರ ಬಾಯಿಗೇ ಮೂಗು ಒಡ್ಡಿದೆ.

ತುಪ್ಪವೇ ಇತ್ತು, ತೆಳುವಾಗಿ. ಆದರೆ ಬೆಲ್ಲ? ಹುಡುಕಿದರೂ ಇಲ್ಲ. ಎದೆ ಕಟ್ಟಿದ ದಿನ ಮಲಗಿದಲ್ಲೇ ಬೆಲ್ಲ ಹೊಡೆದಿತ್ತಲ್ಲ, ಇವತ್ತು ಒಂದು ಎಳೆಯೂ ಇಲ್ಲ. "ಮಾವಾರ, ನಿನ್ನಿ ಏನ ಉಂಡೀರಿ?" ಎಂದು ಅವರ ಕಿವಿಯಲ್ಲಿ ಕೂಗಿದೆ.

ಅವರು ನಾಲಿಗೆ ಹೊರಳದೆ, ತಡೆದು ತಡೆದು ಹೇಳಿದರು. "ಉಂಡಿಲ್ಲ... ನಿನ್ನೆ ಮುಂಜಾನಿಂದ... ರೊಟ್ಟಿ ಎಮ್ಮಿಗೆ ಹಾಕೀನಿ... ಹೊಟ್ಟ್ಯಾಗ ಬೆಲ್ಲ ಇರದಿದ್ರ... ಬೆಲ್ಲದ ವಾಸನಿ ಎಲ್ಲಿಂದ ಬರತೈತಿ..."

ಇಂಥ ಯೋಚನೆ ನಮ್ಮೂರಿನವರ ತಲೆಗೆ ಬಿಟ್ಟರೆ ಲೋಕದಲ್ಲಿ ಯಾರ ತಲೆಗೂ ಬಾರದು. ಒಂದು ದಿನವಿಡೀ ಉಪವಾಸವಿದ್ದು, ಒಲೆಯಲ್ಲಿನ ಚಿಪಾಟಿಯೆಲ್ಲ ತೆಗೆದುಹಾಕಿ, ನಂತರ ಗುಡ್ಡವನ್ನು ಓಡಿ ಹತ್ತಿದ್ದರು. ಇದ್ದಬದ್ದ ಬೆಲ್ಲವೆಲ್ಲ ಕೆಳಗಿನ ಮೆಟ್ಟಿಲುಗಳಲ್ಲೇ ಉರಿದುಹೋಗಿತ್ತು. ಬರೀ ಕೊರಡು ಉಳಿದಿತ್ತು, ಅದರ ಬಿಸಿ ಈ ಏರಿಗೆ ಎಲ್ಲಿ ಸಾಕು? ತಲೆಗೂ ಬೆಲ್ಲ ಬೇಕಂತೆ, ಅದಕ್ಕೇ ಸತ್ತ ತಂಗಿ ಕಂಡದ್ದು. ಇದನ್ನು ಡಾಕ್ಟರ್ ಬಾಯಿ ಆಮೇಲೆ ಹೇಳಿದರು. ನನಗೆ ಆಗ ಹೊಳೆದದ್ದು ಒಂದೇ, ಇದು ಎದೆಯಲ್ಲ, ಒಲೆ. ಹಾಗೇ ಇರಲಿ ದೇವರೇ ಎಂದು ಬೇಡಿಕೊಂಡೆ. ಆದರೆ ನನ್ನ ಸೆರಗಿನಲ್ಲಿ ಒಂದು ಕಲ್ಲುಸಕ್ಕರೆಯೂ ಇರಲಿಲ್ಲ. ಮೇಲಕ್ಕೆ ಮುಖ ಮಾಡಿ ಕೂಗಿದೆ, "ರಾಜೇಸಾಬ ಕಾಕಾ! ಬೆಲ್ಲ ತರ್ರಿ! ಬೆಲ್ಲ!"

ಟಾಕಿಯ ಮನೆಯ ಬಾಗಿಲಲ್ಲಿ ರಾಜೇಸಾಬ ಕಾಕಾ ಕಾಣಿಸಿಕೊಂಡರು. ಅವರು ಕೆಳಗೆ ಬರುವಂತಿರಲಿಲ್ಲ, ಮೆಹಬೂಬಿ ಹೊರಗೆ ಹೋಗಿದ್ದಳು. ಒಳಗೆ ಹೋಗಿ ಚಹಾದ ಕಿಟ್ಲಿ ಹಿಡಿದು ಬಂದರು. ಆಮೇಲೆ ಮೇಲಿನ ಮೆಟ್ಟಿಲ ಮೇಲೆ ಕುಳಿತು, ಒಂದು ಕೈಯಲ್ಲಿ ಕಿಟ್ಲಿ ಎತ್ತಿ ಹಿಡಿದು, ಇನ್ನೊಂದು ಕೈ ಊರಿ, ಕುಂಡಿಯ ಮೇಲೆ ಒಂದೊಂದೇ ಮೆಟ್ಟಿಲು ಇಳಿಯುತ್ತ ಬಂದರು. ಪ್ರತಿ ಮೆಟ್ಟಿಲಿಗೂ "ಯಾ ಅಲ್ಲಾ" ಎನ್ನುತ್ತಿದ್ದರು. ನಾನು ಓಡಿಹೋಗಿ ಕಿಟ್ಲಿ ಇಸಿದುಕೊಂಡೆ. ಬೆಲ್ಲ ಹಾಕಿ ಕುದಿಸಿದ ಚಹಾ. ದಿನದ ಎರಡನೇ ಕಪ್ಪಿನ ಪಾಲು ಅದರಲ್ಲಿತ್ತು.

ಮಾವನವರ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ಸ್ವಲ್ಪ ಸ್ವಲ್ಪವೇ ಕುಡಿಸಿದೆ. ಅಷ್ಟರಲ್ಲಿ ರಾಜೇಸಾಬ ಕಾಕಾ ನಮ್ಮ ಹತ್ತಿರ ಬಂದು ತಲುಪಿದರು. ಅವರ ಅಂಗಿಯ ಜೇಬಿನಲ್ಲಿ ಕಾಗದ ಸುತ್ತಿದ ಒಂದು ಬೆಲ್ಲದ ಚೂರಿತ್ತು. ಅದನ್ನು ಗೆಳೆಯನ ಬಾಯಿಗೆ ಇಟ್ಟರು. ನಾವಿಬ್ಬರೂ ಅವರ ಬಾಯನ್ನೇ ನೋಡುತ್ತ ಕುಳಿತೆವು. ಆ ಹೊತ್ತು ಎಷ್ಟಿತ್ತೋ ನಾನು ಹೇಳಲಾರೆ. ಅಷ್ಟು ಉದ್ದದ ಹೊತ್ತನ್ನು ನಾನು ಜನ್ಮದಲ್ಲಿ ಕಳೆದಿಲ್ಲ. ಮಾವನವರ ಕೈ ನಡುಗುತ್ತಲೇ ಇತ್ತು. ಬೆಕ್ಕುಗಳು ಹಾಗೇ ಕುಳಿತಿದ್ದವು.

ಆಗ ಒಂದು ನೊಣ ಬಂತು. ನನ್ನ ಮುಖದೆದುರು ಹಾರಾಡಿ, ರಾಜೇಸಾಬ ಕಾಕಾನ ಕಿವಿ ಸುತ್ತಿ, ಮಾವನವರ ತುಟಿಯ ಮೇಲೆ ಕುಳಿತಿತು. ಕಿಟ್ಲಿಯ ಮೂತಿಗಲ್ಲ, ಬೆಲ್ಲದ ಕಾಗದಕ್ಕಲ್ಲ, ತುಟಿಗೆ, ಉಸಿರು ಹೊರಬರುವ ಜಾಗಕ್ಕೆ. ಅದರ ಹಿಂದೆಯೇ ಇನ್ನೊಂದು ಬಂತು. ನನ್ನ ಮೂಗಿಗೂ ಬಂತು, ಸಣ್ಣಗೆ, ದೂರದ ಆಲೆಮನೆಯ ಹಾಗೆ. ಕರಿ ಬೆಕ್ಕು ಎದ್ದು ಮೈಮುರಿದು ಹೊರಟುಹೋಯಿತು. ಒಂದು ನೊಣವನ್ನು ನೋಡಿ ಯಾರಿಗಾದರೂ ಅಷ್ಟು ಸಂತೋಷವಾಗಿದೆಯೋ ಇಲ್ಲವೋ, ನಾನಂತೂ ಗೋಳೋ ಎಂದು ಅತ್ತುಬಿಟ್ಟೆ.

ಮಾವನವರು ಕಣ್ಣು ತೆರೆದು ನನ್ನನ್ನು ಸರಿಯಾಗಿ ನೋಡಿದರು. "ಯಾಕಳತೀ ನೀಲಾ?" ಎಂದರು. ಗೌರವ್ವನಲ್ಲ, ನೀಲಾ.

"ಅಳದ ಏನ ಮಾಡ್ಲಿ! ಮೀಸಿಗೆ ತುಪ್ಪ ಸವರಕೊಂಡು ಬರ್ತೀರಿ. ನನ್ನ ಕೊಲ್ಲಬೇಕಂತ ಮಾಡೀರೇನು?" ಎಂದೆ. ಮಾವನವರಿಗೆ ಏರುದನಿಯಲ್ಲಿ ನಾನು ಮಾತಾಡಿದ್ದು ಅದೇ ಮೊದಲು. ಅವರು ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿದರು.

ರಾಜೇಸಾಬ ಕಾಕಾ ಆ ಜಿಡ್ಡು ಮೀಸೆಯನ್ನು ನೋಡಿದರು, ನನ್ನ ಸೆರಗನ್ನು ನೋಡಿದರು. ಮೊದಲು ಹೊಟ್ಟೆ ಕುಲುಕಿತು, ಆಮೇಲೆ ದೊಡ್ಡದಾಗಿ ನಕ್ಕರು. "ಲೇ ಫಕೀರ್ಯಾ, ಅವತ್ತ ಅಖಾಡದಾಗೂ ಮೈಗೆ ತುಪ್ಪ ಸವರಕೊಂಡು ಬಂದಿದ್ದೀ ಏನಲೇ? ಅದಕ್ಕ ಕೈಗೆ ಸಿಗಲಿಲ್ಲ!"

"ಸುಳ್ಳ ಹೇಳಬ್ಯಾಡ, ನೀನ ಜಾರಿದ್ದು" ಎಂದರು ಮಾವನವರು. ಆ ಒಂದು ಮಾತಿಗೆ ನನ್ನ ಮೈ ಹಗುರಾಯಿತು. ಮಾತು ಬಂತಲ್ಲ!

ಕೆಳಗೆ ಸುದ್ದಿ ಮುಟ್ಟಿ ಡಾಕ್ಟರ್ ಬಾಯಿ ಓಡುತ್ತ ಬಂದರು, ಅವರ ಹಿಂದೆ ನೊಣಗಳ ಮೆರವಣಿಗೆ. ಬಂದವರೇ ನಳಿಕೆ ಎದೆಗೆ ಹಚ್ಚಿ ಬಹಳ ಹೊತ್ತು ಕೇಳಿದರು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ಹುಬ್ಬು ಸಡಿಲಾಯಿತು. "ಎದಿ ಭೇಷ್ ಐತಿ. ಈ ಎದಿ ಇಷ್ಟ ತಡಕೊಂಡೈತಿ ಅಂದ್ರ, ನೀಲವ್ವ, ನೀ ನಡಸಿದ್ದು ಸುಳ್ಳಾಗಿಲ್ಲ. ಎಲ್ಲಾ ಬೇಕ್ರೀ ಪೈಲ್ವಾನರ, ಕೊರಡೂ ಬೇಕು, ಚಿಪಾಟೀನೂ ಬೇಕು. ಚಿಪಾಟಿ ಇಲ್ಲದ ಬರೇ ಕೊರಡು ಹತ್ತಿಸಿದ್ರ ಒಲಿ ಹೊಗೀನ ಕಾರತೈತಿ. ಉಣ್ಣದ ಇನ್ನೊಮ್ಮೆ ಮೆಟ್ಟಲಾ ಹತ್ತಿದ್ರ ನಾ ನಿಮ್ಮ ಮನಿ ಕಡೆ ಹೊಳ್ಳಿ ನೋಡೂದಿಲ್ಲ" ಎಂದರು. ಬೈಗುಳ ಕೂಡ ಅವತ್ತು ಕಿವಿಗೆ ಇಂಪಾಗಿತ್ತು. ನಾಲ್ಕು ಜನ ಸೇರಿ ಮಾವನವರನ್ನು ಕುರ್ಚಿಯಲ್ಲಿ ಕೆಳಗಿಳಿಸಿದರು, ಇನ್ನಿಬ್ಬರು ರಾಜೇಸಾಬ ಕಾಕಾನನ್ನು ಮೇಲಕ್ಕೆ ಎತ್ತಿಕೊಂಡು ಹೋದರು. ಇಬ್ಬರೂ ವಿರುದ್ಧ ದಿಕ್ಕಿಗೆ ಹೋಗುತ್ತ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ಇದ್ದರು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದರು. ಎಲ್ಲ ಕೇಳಿಸಿಕೊಂಡರು. ಒಳಗಿನಿಂದ ಕತ್ತರಿ ತಂದು ಗಂಡನ ಎದುರು ಇಟ್ಟರು. ಮಾವನವರು ಕತ್ತರಿಯನ್ನು ನೋಡಿದರು, ನನ್ನನ್ನು ನೋಡಿದರು. ಕ್ಷೌರಿಕನಿಗೆ ಹೇಳಿಕಳಿಸಿದರು. ಮೀಸೆ ಹೋದ ಮೇಲೆ ಅವರ ಮೇಲ್ತುಟಿ ಮಗುವಿನ ತುಟಿಯಂತೆ ಸಣ್ಣಗೆ, ಬೆಳ್ಳಗೆ ಕಂಡಿತು. ಅವತ್ತು ರಾತ್ರಿ ಅತ್ತೆ ನನ್ನ ತಟ್ಟೆಗೆ ಡಬ್ಬಿಯಲ್ಲಿ ಉಳಿದಿದ್ದ ತುಪ್ಪವನ್ನೆಲ್ಲ ಕೆರೆದು ಹಾಕಿದರು. ಅದೇ ಅವರ ತಪ್ಪೊಪ್ಪಿಗೆ.

ಮತ್ತೆ ಬುಡದ ಮೆಟ್ಟಿಲಿನಿಂದ ಶುರುವಾಯಿತು. ಈಗ ಎರಡು ರೊಟ್ಟಿ ತಿಂದೇ ಹೊರಡುವುದು, ನನ್ನ ಸೆರಗಿನ ತುದಿಯಲ್ಲಿ ಬೆಲ್ಲದ ಚೂರು. ನಾನು ಮೂಗಿಗಿಂತ ಕಿವಿಯನ್ನೇ ಮುಂದೆ ಬಿಟ್ಟಿದ್ದೇನೆ. ಕುಸ್ತಿಯ ಕಥೆ ನಾನೇ ಎತ್ತುತ್ತೇನೆ. ಹಲಗೆ ಬಡಿಯುತ್ತದೆ, ಮಣ್ಣು ಹಾರುತ್ತದೆ, ರಾಜೇಸಾಬ ಕಾಕಾ ಕಾಲಿಗೆ ಕೈ ಹಾಕುತ್ತಾರೆ. ಮೊದಲು ಆಕಳಿಸುತ್ತಿದ್ದ ಜಾಗಗಳಲ್ಲೆಲ್ಲ ಈಗ "ಆಮ್ಯಾಲ?" ಎನ್ನುತ್ತೇನೆ. ಮಾತು ಹರಿಯುತ್ತಿದ್ದರೆ ನನಗೆ ನಿಶ್ಚಿಂತೆ. ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋದೆವು. ಬೇವಿನ ಕಟ್ಟೆ ದಾಟಲು ಡಾಕ್ಟರ್ ಬಾಯಿ ಹ್ಞೂಂ ಎಂದ ದಿನ ಮಾವನವರು ಹೊಸ ಧೋತರ ಉಟ್ಟಿದ್ದರು.

ಮೊನ್ನೆ ಬೆಳಿಗ್ಗೆ ಆ ಕೊನೆಯ ತಿರುವಿಗೆ ಬಂದೆವು. ಕಥೆ ಅರ್ಧಕ್ಕೆ ಬಂದಿತ್ತು. ಪಂಚರು ಬೇಸತ್ತು ಎದ್ದು ನಿಂತಿದ್ದರು, ಇನ್ನೇನು ಇಬ್ಬರ ಕೈ ಎತ್ತಬೇಕು. ಅಷ್ಟರಲ್ಲಿ ಮಾವನವರ ಮಾತು ಟಕ್ಕನೆ ನಿಂತಿತು. ಎರಡು ಮೆಟ್ಟಿಲು ಹಾರಿ ಅವರ ಪಕ್ಕಕ್ಕೆ ಹೋಗಿ ಮುಖ ನೋಡಿದೆ. ಬೆವರಿರಲಿಲ್ಲ, ನಡುಕವಿರಲಿಲ್ಲ. ಬೋಳು ತುಟಿಯಿಂದ ನಿಜವಾದ ತುಪ್ಪದ ವಾಸನೆ ಬರುತ್ತಿತ್ತು. ಕಣ್ಣು ಮಾತ್ರ ಒದ್ದೆಯಾಗಿತ್ತು. ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಟಾಕಿಯ ಮನೆಯ ಕಟ್ಟೆಯ ಮೇಲೆ ರಾಜೇಸಾಬ ಕಾಕಾ ಕಾಲು ಚಾಚಿ ಕುಳಿತಿದ್ದರು. ಪಕ್ಕದಲ್ಲಿ ಎರಡು ಕಪ್ಪುಗಳಿದ್ದವು. ಎರಡರಿಂದಲೂ ಹಬೆ ಏಳುತ್ತಿತ್ತು.